ಏಳು ತಂದೆಯರ ಬೀಗ

ಬಿಷ್ಕೆಕ್, ಮೇ 27

ಪ್ರೀತಿಯ ಅತ್ತಿಗೆ,

ಕಾಲಿಲ್ ಅಣ್ಣನ ವ್ಯಾನಿನಲ್ಲಿ ಒಂದು ಗಂಟು ಕಳಿಸಿದ್ದೇನೆ. ಮೇಲಿರುವುದು ನನ್ನ ಹಳೆಯ ಸ್ವೆಟರ್, ಒಳಗಿರುವುದು ಲ್ಯಾಪ್‌ಟಾಪ್. ಸ್ವೆಟರನ್ನು ನನ್ನಣ್ಣನ ಕೈಗೆ ಕೊಡಬೇಡಿ, ಅವನು ಅದನ್ನು ಕುರಿಮರಿಗೆ ಹೊದಿಸುತ್ತಾನೆ. ನೀವೇ ಹಾಕಿಕೊಳ್ಳಿ.

ಕಳೆದ ಬೇಸಿಗೆಯಲ್ಲಿ ನಿಮ್ಮ ನೀಲಿ ನೋಟ್‌ಬುಕ್ಕನ್ನು ಯಾರೋ ತೆರೆದು ಓದಿ, ಒಬ್ಬ ಹೆಂಗಸಿನ ಸಂಕಟ ಇಡೀ ಹುಲ್ಲುಗಾವಲಿಗೆ ಹರಡಿತಲ್ಲ, ಆ ದಿನ ನೀವು ಅತ್ತದ್ದನ್ನು ನಾನು ಮರೆತಿಲ್ಲ. ಇನ್ನು ಮೇಲೆ ನಿಮ್ಮ ಬಳಿ ಮದ್ದಿಗೆ ಬರುವವರು ಹೇಳಿದ್ದನ್ನೆಲ್ಲ ಇದರಲ್ಲಿ ಬರೆಯಿರಿ.

ನಾನು ಕೆಲಸ ಮಾಡುವ ರಿಪೇರಿ ಅಂಗಡಿಯಲ್ಲಿ ದಿನಕ್ಕೆ ಹತ್ತು ಲ್ಯಾಪ್‌ಟಾಪ್ ಬಿಚ್ಚುತ್ತೇನೆ. ಜನ ಪಾಸ್‌ವರ್ಡ್ ಹಾಕಿದ್ದೇವೆ ಎಂದು ನೆಮ್ಮದಿಯಾಗಿರುತ್ತಾರೆ. ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಡಿಸ್ಕನ್ನು ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಸಾಕು, ಮದುವೆ ಫೋಟೊ, ಆಸ್ಪತ್ರೆ ಚೀಟಿ, ಬರೆದು ಕಳಿಸದ ಪ್ರೇಮಪತ್ರ ಎಲ್ಲ ಈಚೆ ಬರುತ್ತವೆ. ಮುಂಬಾಗಿಲಿಗೆ ಬೀಗ, ಹಿತ್ತಿಲ ಗೋಡೆಯೇ ಇಲ್ಲ! ಅದಕ್ಕೆ ನಿಮ್ಮದರಲ್ಲಿ ಇಡೀ ಡಿಸ್ಕಿಗೇ ಬೀಗ ಹಾಕಿದ್ದೇನೆ. ಪಾಸ್‌ವರ್ಡ್ ಕೊಡದೆ ಯಾರು ಬಿಚ್ಚಿದರೂ ಒಳಗೆ ಕಲಸುಮೇಲೋಗರವಷ್ಟೇ ಕಾಣುತ್ತದೆ.

ಪಾಸ್‌ವರ್ಡ್ ಯಾವುದು ಎಂದರೆ, ನಮ್ಮ ಏಳು ತಂದೆಯರ ಹೆಸರು. ಅಪ್ಪನಿಂದ ಶುರು, ಹಿಂದಕ್ಕೆ ಹಿಂದಕ್ಕೆ ಏಳು ತಲೆ, ನಡುವೆ ಜಾಗ ಬಿಡದೆ. ನಾವು ಮಕ್ಕಳು ಹಲ್ಲು ಬೀಳುವ ಮೊದಲೇ ಕಲಿತ ಪಾಠ. ಈ ಮನೆಗೆ ಬಂದು ಹತ್ತೊಂಬತ್ತು ವರ್ಷ ಅದನ್ನೇ ಕೇಳಿದ ನೀವೂ ಮರೆಯುವಂತಿಲ್ಲ.

ಕೆಲಸ ಮುಗಿದ ಮೇಲೆ ಮುಚ್ಚಳ ಮುಚ್ಚಿದರೆ ಸಾಲದು, ಪೂರ್ತಿ ಆರಿಸಿ. ಜೊತೆಗಿರುವ ಪುಟ್ಟ ಯುಎಸ್‌ಬಿ ಕಡ್ಡಿಯಲ್ಲಿ ವಾರಕ್ಕೊಮ್ಮೆ ಇನ್ನೊಂದು ಪ್ರತಿ ಇಡಿ, ಅದಕ್ಕೂ ಅದೇ ಬೀಗ. ಉದ್ದನೆಯ ಅಂಕಿಗಳಿರುವ ಚೀಟಿ ಇದೆಯಲ್ಲ, ಅದು ಪಾಸ್‌ವರ್ಡ್ ಮರೆತರೆ ಕಾಪಾಡುವ ಚೀಟಿ, ಲ್ಯಾಪ್‌ಟಾಪಿನ ಜೊತೆ ಇಡಬೇಡಿ.

ನಿಮ್ಮ ಅಸಿಲ್

*

ಮೇಲಿನ ಹುಲ್ಲುಗಾವಲು, ಜೂನ್ 12

ನನ್ನ ಅಸಿಲ್,

ಇಲ್ಲಿ ಫೋನ್ ಸಿಗದ ಮೂರು ತಿಂಗಳು ಶುರುವಾಯಿತು. ಕಾಲಿಲ್ ವಾರಕ್ಕೊಮ್ಮೆ ಕುಮಿಸ್ ತುಂಬಿಕೊಳ್ಳಲು ಬರುತ್ತಾನೆ, ಹುದುಗಿದ ಕುದುರೆ ಹಾಲಿನ ಜೊತೆ ನನ್ನ ಪತ್ರವೂ ನಿನ್ನನ್ನು ತಲುಪಲಿ. ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ನಿನ್ನ ವಾಸನೆ ಇನ್ನೂ ಇದೆ, ಒಗೆಯಲು ಮನಸ್ಸಿಲ್ಲ.

ಲ್ಯಾಪ್‌ಟಾಪನ್ನು ಮೊದಲ ದಿನ ನಿನ್ನಣ್ಣನೇ ತೆರೆದುಕೊಟ್ಟರು. ಒಂದೊಂದು ಅಕ್ಷರಕ್ಕೂ ಕುರಿ ಎಣಿಸುವಷ್ಟು ಹೊತ್ತು. ಎರಡನೆಯ ದಿನವೂ ಅವರೇ. ಮೂರನೆಯ ದಿನ, "ನಾನೇನು ಕುರಿ ಕಾಯ್ಲಾ, ನಿನ್ನ ಡಬ್ಬಿ ಬಾಗ್ಲು ಕಾಯ್ಲಾ?" ಅಂದರು. ಪುಟ್ಟ ಕಡ್ಡಿಯನ್ನು ತೊಗಲಿನ ತಾಯಿತದೊಳಗೆ ಹೊಲಿದು ಕೊರಳಿಗೆ ಹಾಕಿಕೊಂಡಿದ್ದೇನೆ. ದೃಷ್ಟಿಗೂ ಆಯಿತು, ನಿನ್ನ ಮಾತಿಗೂ ಆಯಿತು.

ಜಿಪಾರ್ ಪ್ರತಿ ಬುಧವಾರ ಬರುತ್ತಾಳೆ. ನಿನ್ನ ಚಿಕ್ಕಪ್ಪನ ಮಗ ಎಸೆನ್‌ನ ಹೆಂಡತಿ. (ಎಸೆನ್ ನಿನ್ನಣ್ಣನಿಗಿಂತ ಕಿರಿಯ, ಅವನ ಹೆಸರು ಬರೆಯಲು ನನಗೆ ಅಡ್ಡಿಯಿಲ್ಲ.) ಅವನು ಕುದುರೆ ನೋಡಲು ಹೋದ ಹೊತ್ತಿಗೆ ಬಂದು, ತಲೆನೋವು ಎನ್ನುತ್ತಾಳೆ. ತೋಳಿನ ಮೇಲೆ, ಬೆನ್ನಿನ ಮೇಲೆ ಅವನ ಕೈಯ ಗುರುತು. ನಾನು ಫೋಟೊ ತೆಗೆದು, ದಿನಾಂಕ ಹಾಕಿ, ಅವಳು ಹೇಳಿದ್ದನ್ನು ಹಾಗೆಯೇ ಬರೆದು ಇಡುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಕೊಚ್ಕೋರ್ ಕೋರ್ಟಿಗೆ ಮದುವೆಯಿಂದ ಬಿಡುಗಡೆ ಕೇಳಲು ಹೋಗುತ್ತಾಳೆ. ಅಲ್ಲಿಯವರೆಗೆ ಅವನಿಗೆ ಗೊತ್ತಾದರೆ ಏನಾದೀತು ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಹೋಗುವಾಗ ಒಂದೇ ಮಾತು ಕೇಳುತ್ತಾಳೆ: "ಅಕ್ಕಾ, ಅದು ಯಾರಿಗೂ ತೆರೆಯಲ್ಲ ತಾನೆ?"

ಇನ್ನೊಂದು. ಪಾಸ್‌ವರ್ಡ್ ಬದಲಾಯಿಸಬೇಕಾದರೆ ಎಲ್ಲಿ ಒತ್ತಬೇಕು? ಸುಮ್ಮನೆ ಕೇಳಿದೆ.

ಬುರುಲ್

*

ಬಿಷ್ಕೆಕ್, ಜೂನ್ 20

ಅತ್ತಿಗೆ,

ಸುಮ್ಮನೆ ಕೇಳಿದೆ ಎಂದು ನೀವು ಬರೆದರೆ ಅದರ ಹಿಂದೆ ಒಂದು ಕುರಿ ಕಳೆದಿರುತ್ತದೆ. ಎಲ್ಲಿ ಒತ್ತಬೇಕು ಎಂಬುದನ್ನು ಚಿತ್ರ ಬರೆದು ಇದರ ಹಿಂದೆ ಹಾಕಿದ್ದೇನೆ. ಆದರೆ ದಯವಿಟ್ಟು ಬದಲಾಯಿಸಬೇಡಿ, ಮರೆತುಬಿಡುತ್ತೀರಿ. ಏಕೆ, ನಮ್ಮ ಏಳು ತಂದೆಯರು ಸಾಲದೇ?

ನನ್ನ ಸುದ್ದಿ: ತಿಲೆಕ್‌ನ ಮನೆಯವರು ಅಕ್ಟೋಬರಿಗೆ ಮದುವೆ ಅನ್ನುತ್ತಿದ್ದಾರೆ. ಅವನ ಅಮ್ಮ ಈಗಲೇ ಮೆಲ್ಲಗೆ ಪಾಠ ಶುರುಮಾಡಿದರು. "ಸೊಸೆಯಾದವಳು ಮಾವನ ಹೆಸರು, ಅವರ ಹಿರೀಕರ ಹೆಸರು ಬಾಯಲ್ಲಿ ತರಬಾರ್ದಮ್ಮ, ಬೇರೆ ಹೆಸರು ಕಟ್ಕೋಬೇಕು." ನಾನು ನಕ್ಕುಬಿಟ್ಟೆ. ಅಪ್ಪನ ಹೆಸರಿನೊಳಗೆ ಕಬ್ಬಿಣ ಎಂಬ ಪದ ಇದೆ ಎಂದು ನೀವು ಅಂಗಡಿಗೆ ಹೋಗಿ, "ಆ ಕಪ್ಪು ಗಟ್ಟಿ ಸಾಮಾನಿನ ಮೊಳೆ ಕೊಡಪ್ಪ" ಅಂದದ್ದು ನೆನಪಾಯಿತು. ಅಂಗಡಿಯವನು ಕಲ್ಲಿದ್ದಲು ತೂಗಿದನಲ್ಲ! ಆ ಗೊಡ್ಡು ಪದ್ಧತಿ ನನಗೆ ಬೇಡ. ನಾನು ಮಾವನನ್ನು ಹೆಸರು ಹಿಡಿದೇ ಮಾತಾಡಿಸುವವಳು.

ಜಿಪಾರ್‌ಗೆ ಹೇಳಿ, ಅದು ಯಾರಿಗೂ ತೆರೆಯುವುದಿಲ್ಲ. ನಾನು ಮಾತು ಕೊಡುತ್ತೇನೆ.

ಅಸಿಲ್

*

ಮೇಲಿನ ಹುಲ್ಲುಗಾವಲು, ಜುಲೈ 5

ಅಸಿಲ್,

ಉದ್ದ ಬರೆಯುವುದಿಲ್ಲ. ಲ್ಯಾಪ್‌ಟಾಪ್ ಹೋಯಿತು.

ಶನಿವಾರ ಬಿಡಾರ ಎತ್ತಿ ಕಣಿವೆ ದಾಟಿದೆವು. ತೊರೆಯ ಹತ್ತಿರ ನಾಲ್ಕು ಮನೆಯವರೂ ಕುದುರೆ ಇಳಿದು ಕುಮಿಸ್ ಕುಡಿದೆವು. ಮತ್ತೆ ಹತ್ತಿ ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಜೀನಿನ ಚೀಲ ಇಲ್ಲ. ಪಟ್ಟಿ ಹರಿದಿರಲಿಲ್ಲ, ಯಾರೋ ಕೊಯ್ದಿದ್ದರು.

ಮೂರು ದಿನ ಮೋಡ ಕವಿದು ಸೋಲಾರ್ ಕೈಕೊಟ್ಟಿತ್ತು. ಹಾಗಾಗಿ ಅದು ಪೂರ್ತಿ ಆರಿಯೇ ಇತ್ತು. ತಾಯಿತ ಕೊರಳಲ್ಲಿದೆ, ಬರೆದದ್ದು ಯಾವುದೂ ಕಳೆದಿಲ್ಲ. ಉಳಿದದ್ದು ಒಂದೇ, ಯಾರಾದರೂ ತೆರೆಯುತ್ತಾರೆಯೇ ಎಂಬುದು. ಜಿಪಾರ್‌ಗೆ ಇನ್ನೂ ಹೇಳಿಲ್ಲ. ನೀನು ಊಟ ಬಿಡಬೇಡ.

ಬುರುಲ್

*

ಬಿಷ್ಕೆಕ್, ಜುಲೈ 9

ಅತ್ತಿಗೆ,

ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ಈಗ ಹೇಳದಿದ್ದರೆ ಅನ್ನ ಇಳಿಯುವುದಿಲ್ಲ.

ಮಾರ್ಚಿನಲ್ಲಿ ಕೊಚ್ಕೋರಿನ ಮದುವೆಯೂಟದಲ್ಲಿ ನಾನು ಜಂಬ ಕೊಚ್ಚಿದ್ದೆ. ಕಳ್ಳತನ, ಲ್ಯಾಪ್‌ಟಾಪ್ ಎಂದು ಮಾತು ಬಂತು. ಪಟ್ಟಣದವಳು ಎಂದು ತೋರಿಸಿಕೊಳ್ಳಬೇಕಲ್ಲ? "ನನ್ ಬೀಗ ಮಹಾ ಗಟ್ಟಿ, ಆದ್ರೆ ನಮ್ಮನೆ ಮಕ್ಕಳಿಗೆಲ್ಲ ಬಾಯಿಪಾಠ" ಅಂದೆ. ಎದುರಿಗೆ ಎಸೆನ್ ಕೂತಿದ್ದ. ಮೂಳೆ ಚೀಪುತ್ತಾ, "ಬಾಯಿಪಾಠ ಅಂದ್ರೆ ಏಳು ತಂದೆ ತಾನೆ? ಹಂಗಾದ್ರೆ ನಿಮ್ಮನೆ ಬೀಗಕ್ಕೆ ನಮ್ಮನೆ ಕೀಲಿನೂ ಆಗುತ್ತೆ ಬಿಡು!" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟಾದರೂ ಎರಡು ತಿಂಗಳ ನಂತರ ನಿಮ್ಮ ಲ್ಯಾಪ್‌ಟಾಪಿಗೆ ಅದನ್ನೇ ಹಾಕಿದೆ. ಅಂಗಡಿಯಲ್ಲಿ ಊರವರಿಗೆಲ್ಲ ಬುದ್ಧಿ ಹೇಳುವವಳು ನಾನು. ಬಿಷ್ಕೆಕ್‌ನ ಕಳ್ಳನಿಗೆ ಗೊತ್ತಿಲ್ಲದ ಹೆಸರುಗಳು ನಮ್ಮ ಹುಲ್ಲುಗಾವಲಿನ ಯಾರಿಗೆ ಗೊತ್ತಿಲ್ಲ? ಅಜ್ಜನಿಂದ ಆಚೆಗೆ ಎಸೆನ್‌ನ ತಂದೆಯರೂ ನಮ್ಮ ತಂದೆಯರೂ ಒಬ್ಬರೇ!

ಚೀಲ ಕೊಯ್ದವನು ಅವನೇ ಆಗಿದ್ದರೆ? ಜಿಪಾರ್‌ಳನ್ನು ಇವತ್ತೇ ಎಲ್ಲಿಗಾದರೂ ಕಳಿಸಿಬಿಡಿ. ನಾನು ಕೊಟ್ಟ ಮಾತು ಅವಳ ಮೈಮೇಲೆ ಬರುತ್ತದಲ್ಲ ಅತ್ತಿಗೆ. ನನ್ನನ್ನು ಬಯ್ಯಿರಿ, ದಯವಿಟ್ಟು ಬಯ್ಯಿರಿ.

ಅಸಿಲ್

*

ಮೇಲಿನ ಹುಲ್ಲುಗಾವಲು, ಜುಲೈ 10

ನನ್ನ ಅಸಿಲ್,

ಕಾಲಿಲ್ ಇನ್ನೂ ಬಂದಿಲ್ಲ, ನಿನ್ನ ಉತ್ತರ ಕಂಡಿಲ್ಲ. ಆದರೂ ನಿನ್ನೆ ನಡೆದದ್ದನ್ನು ಹೇಳಲೇಬೇಕು.

ಎಸೆನ್ ನಮ್ಮ ಗುಡಾರಕ್ಕೆ ಬಂದ. ಕೈಯಲ್ಲಿ ಬೆಣ್ಣೆಯ ಗಡಿಗೆ. ಉಪ್ಪು ಕೇಳಿದರೂ ಕೊಡದವನು ಬೆಣ್ಣೆ ತಂದದ್ದು ನೋಡಿ ನಮ್ಮ ನಾಯಿಯೂ ಬೊಗಳುವುದನ್ನು ಮರೆತಿತು.

"ಅಣ್ಣಾ, ಗುರುವಾರ ಹಿರಿಯರ ಹೆಸರಲ್ಲಿ ಎಣ್ಣೆ ಕಾಯಿಸಿ ಬೋರ್ಸೋಕ್ ಕರಿಸ್ತಿದ್ದೀನಿ. ಹೆಸರು ತಪ್ಪಾಗಬಾರ್ದಲ್ಲ, ಏಳೂ ಒಂದ್ಸಲ ಹೇಳ್ಬಿಡು. ನಿಮ್ಮಪ್ಪನಿಂದ ಶುರು ಮಾಡು" ಅಂದ.

ನಿನ್ನಣ್ಣನಿಗೆ ಸಿಟ್ಟೂ ಹೆಮ್ಮೆಯೂ ಒಟ್ಟಿಗೇ ಬಂತು. "ಥೂ, ಮೂವತ್ತೈದು ವರ್ಷದ ಕತ್ತೆ! ಏಳು ತಂದೆ ಗೊತ್ತಿಲ್ದೋನು ಗುಲಾಮ ಅಂತಾರೆ. ಬರ್ಕೋ!" ಎಂದು ಗಟ್ಟಿಯಾಗಿ ಹೇಳಿಕೊಟ್ಟರು. ಅವನು ಸಿಗರೇಟು ಪೆಟ್ಟಿಗೆಯ ಮೇಲೆ ಬರೆದುಕೊಂಡ. ಐದನೆಯದರಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ತಿದ್ದಿಸಿದರು ಬೇರೆ!

ನಾನು ಚಹಾ ಬಗ್ಗಿಸುತ್ತಿದ್ದೆ. ಹಿರಿಯರಿಗೆ ಎಡೆ ಇಡುವವನು ತನ್ನ ಅಪ್ಪನಿಂದ ಶುರುಮಾಡುತ್ತಾನೋ, ದೊಡ್ಡಪ್ಪನಿಂದಲೋ? ಆಗ ನನಗೆ ಚೀಲ ಎಲ್ಲಿದೆ ಎಂದು ತಿಳಿಯಿತು. ಪಾಸ್‌ವರ್ಡಿನ ಸುಳಿವು ಅವನಿಗೆ ಹೇಗೆ ಸಿಕ್ಕಿತೋ ಗೊತ್ತಿಲ್ಲ. ಇನ್ನೊಂದು ಬಟ್ಟಲು ಚಹಾ ಕೊಟ್ಟು ಕಳಿಸಿದೆ.

ನೀನು ಗಾಬರಿಯಾಗಬೇಡ. ಅದು ತೆರೆಯುವುದಿಲ್ಲ.

ಬುರುಲ್

*

ಬಿಷ್ಕೆಕ್, ಜುಲೈ 16

ಅತ್ತಿಗೆ!

ತೆರೆಯುವುದಿಲ್ಲ ಅಂದರೇನು? ಅಣ್ಣ ಕೀಲಿಯನ್ನೇ ಕೈಗೆ ಕೊಟ್ಟು, ತುಕ್ಕು ಒರೆಸಿ ಕಳಿಸಿದ್ದಾನೆ! ನೀವು ಚಹಾ ಬಗ್ಗಿಸುತ್ತಾ ಕೂತಿದ್ದೀರಿ! ಅದು ಬಾಗಿಲ ನಾಯಿಯಲ್ಲ, ಕಳ್ಳನ ವಾಸನೆ ಹಿಡಿಯುವುದಿಲ್ಲ. ಹೆಸರು ಸರಿ ಇದ್ದರೆ ಯಾರಿಗಾದರೂ ತೆರೆಯುತ್ತದೆ, ಕಳ್ಳನಿಗೂ. ನಾನು ಎಷ್ಟು ಸಲ ಬಿಡಿಸಿ ಹೇಳಬೇಕಿತ್ತೋ ಅಷ್ಟು ಹೇಳಲಿಲ್ಲ, ತಪ್ಪು ನನ್ನದೇ.

ಜಿಪಾರ್ ಹೇಗಿದ್ದಾಳೆ? ಅದೊಂದು ಬರೆಯಿರಿ, ಸಾಕು.

ಅಸಿಲ್

*

ಮೇಲಿನ ಹುಲ್ಲುಗಾವಲು, ಜುಲೈ 24

ನನ್ನ ಹುಚ್ಚು ಹುಡುಗಿ,

ನಿನ್ನ ಎರಡು ಪತ್ರಗಳೂ ಒಟ್ಟಿಗೆ ಬಂದವು, ಮೊದಲನೆಯದನ್ನು ಕಾಲಿಲ್ ಕಳೆದ ಸಲ ವ್ಯಾನಿನಲ್ಲೇ ಮರೆತಿದ್ದನಂತೆ. ಬಯ್ಯಿ ಎಂದಿದ್ದೀಯ, ಬಯ್ಯಲಾರೆ. ಜಿಪಾರ್ ಚೆನ್ನಾಗಿದ್ದಾಳೆ. ಲ್ಯಾಪ್‌ಟಾಪ್ ನನ್ನ ಮಡಿಲಲ್ಲಿದೆ. ಮೊದಲು ಕೂತುಕೋ, ಆಮೇಲೆ ಓದು.

ಗುರುವಾರ ಎಸೆನ್‌ನ ಅಮ್ಮ, ಅಂದರೆ ಚಿಕ್ಕತ್ತೆ, ಹೇಳಿಕಳಿಸಿದರು. ರಕ್ತದ ಒತ್ತಡ ನೋಡಬೇಕಂತೆ. ಹೋದೆ. ತೋಳಿಗೆ ಪಟ್ಟಿ ಸುತ್ತುವಾಗ ನನ್ನ ಕಿವಿಯ ಹತ್ತಿರ ಬಾಗಿ, "ನನ್ನ ಒತ್ತಡ ಹಾಳಾಗ್ಲಿ, ನನ್ ಮಗನ್ನ ನೋಡು. ಎಂಟು ದಿನದಿಂದ ಮೂಲೇಲಿ ಕೂತು ಸತ್ತೋರ ಹೆಸರೆಲ್ಲ ಗೊಣಗ್ತಾನೆ. ಹಿಂದ್ಲಿಂದ ಮುಂದಕ್ಕೆ, ಮುಂದ್ಲಿಂದ ಹಿಂದಕ್ಕೆ. ಹಿರೀಕರು ಮೈಮೇಲೆ ಬಂದವ್ರಾ?" ಅಂದರು.

"ಹಿರೀಕರಲ್ಲ ಚಿಕ್ಕತ್ತೆ, ನನ್ ಲ್ಯಾಪ್‌ಟಾಪ್" ಅಂದೆ. ಚೀಲದ ಪಟ್ಟಿ ಕೊಯ್ದಿದ್ದನ್ನೂ ಹೇಳಿದೆ.

ಆ ಮುದುಕಿ ತೋಳಿನ ಪಟ್ಟಿಯ ಸಮೇತ ಎದ್ದು, ಒಟ್ಟಿದ ರಜಾಯಿಗಳ ಕೆಳಗೆ ಕೈಹಾಕಿ ಎಳೆದರು. ಎಸೆನ್ ಬಾಗಿಲಲ್ಲೇ ನಿಂತಿದ್ದ. "ದಾರೀಲಿ ಸಿಕ್ತು, ಕೊಡೋಣಾಂತಿದ್ದೆ" ಅಂದ.

"ಕೊಡೋಕೆ ಮುಂಚೆ ಅಜ್ಜಂದಿರನ್ನೆಲ್ಲ ಕರೆದು ಕೇಳ್ತಿದ್ಯಾ? ನಿನ್ ಮುಖಕ್ಕಿಷ್ಟು!" ಎಂದು ಚಿಕ್ಕತ್ತೆ ಲಟ್ಟಣಿಗೆ ತೆಗೆದುಕೊಂಡರು. ಅವನು ತಲೆ ತಪ್ಪಿಸಿಕೊಂಡು ಹೊರಗೆ ಹೋದ. ಕೊಚ್ಕೋರಿನ ಯಾರೋ ರಿಪೇರಿಯವನಿಂದ ಡಿಸ್ಕನ್ನೂ ಬಿಚ್ಚಿಸಿ ನೋಡಿದ್ದನಂತೆ. ಕಂಡದ್ದು ನೀನು ಹೇಳಿದ ಆ ಕಲಸುಮೇಲೋಗರವೇ.

ಜಿಪಾರ್ ಒಲೆಯ ಮುಂದೆ ಕೂತಿದ್ದಳು. ಕೈಯಲ್ಲಿ ಸೌಟು, ಸಾರು ಉಕ್ಕುತ್ತಿದ್ದರೂ ತಿರುವಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಎಲ್ಲರ ಎದುರು ಏನು ಹೇಳಲಿ? "ಇದು ತೆರೆದೇ ಇಲ್ಲ" ಎಂದು ಲ್ಯಾಪ್‌ಟಾಪಿಗೆ ಹೇಳಿದಂತೆ ಹೇಳಿದೆ. ಅವಳು ಸೌಟು ತಿರುವಿದಳು. ಚಿಕ್ಕತ್ತೆ ಅವಳನ್ನೂ ನನ್ನನ್ನೂ ನೋಡಿದರು. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸಂಜೆ ಅವರೇ ಅವಳ ಹಾಸಿಗೆ ಕಟ್ಟಿಸಿ ನಮ್ಮ ಗುಡಾರಕ್ಕೆ ಕಳಿಸಿದರು. "ಬೇಸಿಗೆ ಮುಗಿಯೋವರೆಗೂ ನಿನ್ನ ಹತ್ರ ಮಲಗ್ಲಿ" ಅಂದರು, ಅಷ್ಟೇ.

ಈಗ ನನ್ನ ಸರದಿ. ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ.

ಆ ಮೂರನೆಯ ದಿನ ನಿನ್ನಣ್ಣ ಕುರಿಯ ಹಿಂದೆ ಹೋದ ಮೇಲೆ ನಾನೇ ಕೂತೆ. ಹೊರಗೆ ಜಿಪಾರ್ ಕಾಯುತ್ತಿದ್ದಳು. ಮಾವನ ಹೆಸರಿನ ಮೊದಲ ಅಕ್ಷರ ಒತ್ತಿದೆ, ಎರಡನೆಯದಕ್ಕೆ ಬೆರಳು ನಿಂತಿತು. ಯಾರೂ ನೋಡುತ್ತಿರಲಿಲ್ಲ. ಮಾವ ಹೋಗಿ ಮೂರು ವರ್ಷವಾಯಿತು. ಆದರೂ ಹತ್ತೊಂಬತ್ತು ವರ್ಷ ನಾಲಿಗೆಗೆ ಬಾರದ ಹೆಸರು ಬೆರಳಿಗೆ ಹೇಗೆ ಬಂದೀತು? ಹೆರಿಗೆಯಲ್ಲಿ ನಾನು ಸಾಯುವ ಹಾಗಿದ್ದಾಗ ಹಿಮದಲ್ಲಿ ನಾಲ್ಕು ಗಂಟೆ ಕುದುರೆ ಓಡಿಸಿ ವೈದ್ಯರನ್ನು ತಂದವರು ಅವರು. ಹೆಸರು ಹೇಳದಿರುವುದು ಹೆದರಿಕೆಗಲ್ಲ ಅಸಿಲ್, ನನಗೆ ಅದು ಪ್ರೀತಿ.

ನಿನ್ನ ಚಿತ್ರ ಬಂತಲ್ಲ, ಹಳೆಯದನ್ನು ಕೊನೆಯ ಸಲ ನಿನ್ನಣ್ಣನಿಂದಲೇ ಒತ್ತಿಸಿ, ಚಿತ್ರ ನೋಡಿ ಲ್ಯಾಪ್‌ಟಾಪಿಗೂ ಕಡ್ಡಿಗೂ ಪಾಸ್‌ವರ್ಡ್ ಬದಲಾಯಿಸಿದೆ. ಏಳು ತಂದೆಯರೇ ಇದ್ದಾರೆ, ಆದರೆ ನಾನು ಅವರಿಗೆ ಕಟ್ಟಿಕೊಂಡ ಹೆಸರುಗಳಲ್ಲಿ. ಸೊಸೆ ಒಲೆಯ ಮುಂದೆ ಏನೆಂದು ಕರೆಯುತ್ತಾಳೆ ಎಂದು ಈ ಮನೆಯ ಯಾವ ಗಂಡಸು ಕೇಳಿಸಿಕೊಂಡಿದ್ದಾನೆ? (ಕಪ್ಪು ಗಟ್ಟಿ ಎಂದು ಊಹಿಸಬೇಡ, ಅದು ಕಬ್ಬಿಣಕ್ಕೆ.) ನಿನಗೆ ಆಗಲೇ ಹೇಳಬೇಕಿತ್ತು. ಅದೇ ಪತ್ರದಲ್ಲಿ ಗೊಡ್ಡು ಪದ್ಧತಿ ಎಂದು ಬರೆದಿದ್ದೆಯಲ್ಲ, ನಾಚಿಕೆಯಾಯಿತು.

ಬುರುಲ್

*

ಬಿಷ್ಕೆಕ್, ಆಗಸ್ಟ್ 1

ಅತ್ತಿಗೆ,

ನಿಮ್ಮ ಪತ್ರವನ್ನು ಅಂಗಡಿಯಲ್ಲೇ ಓದಿ ಅತ್ತುಬಿಟ್ಟೆ. ಗಿರಾಕಿಯೊಬ್ಬರು ತಮ್ಮ ಲ್ಯಾಪ್‌ಟಾಪ್ ಸತ್ತೇಹೋಯಿತೆಂದು ತಿಳಿದು ನನಗೇ ಸಮಾಧಾನ ಹೇಳಿದರು.

ಗೊಡ್ಡು ಎಂದ ನನ್ನ ಬಾಯಿಗೆ ನೀವೇ ಒಂದು ಬೀಗ ಹಾಕಿ. ಕಲಿತವಳು ನಾನು, ಊರಿಗೆಲ್ಲ ಗೊತ್ತಿರುವುದನ್ನು ಗುಟ್ಟು ಎಂದುಕೊಂಡೆ. ಯಾರಿಗೂ ಗೊತ್ತಿಲ್ಲದ್ದು ನಿಮ್ಮ ಬಳಿ ಇತ್ತು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಆ ವರ್ಷವೇ ನೀವು ಮನೆಗೆ ಬಂದಿರಿ. ಅಂದಿನಿಂದ ನೀವು ನನ್ನನ್ನು ಕಾಯುತ್ತ ಬಂದಿದ್ದೀರಿ. ನಾನು ನಿಮ್ಮನ್ನು ಕಾಯುತ್ತಿದ್ದೇನೆ ಅಂದುಕೊಂಡದ್ದು ನನ್ನ ಕೊಬ್ಬು.

ಆದರೂ ಒಂದು ಚಿಂತೆ. ಆ ಪಾಸ್‌ವರ್ಡ್ ಈಗ ನಿಮ್ಮ ತಲೆಯಲ್ಲಿ ಮಾತ್ರ ಇದೆ. ಸೆಪ್ಟೆಂಬರ್ 13ಕ್ಕೆ ಕೋರ್ಟಿನಲ್ಲಿ ಫೋಟೊಗಳನ್ನು ತೋರಿಸಬೇಕು. ನಿಮಗೆ ಜ್ವರ ಬಂದರೆ? ಕುದುರೆಯಿಂದ ಬಿದ್ದರೆ? ಅಂಕಿಗಳ ಆ ಚೀಟಿ ಭದ್ರವಾಗಿದೆ ತಾನೆ?

ಅಸಿಲ್

*

ಮೇಲಿನ ಹುಲ್ಲುಗಾವಲು, ಸೆಪ್ಟೆಂಬರ್ 10

ನನ್ನ ಅಸಿಲ್,

ಈ ಪತ್ರವನ್ನು ಜಿಪಾರ್ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಕಾಲಿಲ್ ಅವಳನ್ನು ಕೊಚ್ಕೋರಿನಲ್ಲಿ ಇಳಿಸುತ್ತಾನೆ, ಹದಿಮೂರಕ್ಕೆ ನೀನೂ ಅಲ್ಲಿರುತ್ತೀಯಲ್ಲ. ನಾನು ಬರಲಾರೆ. ಕಣಿವೆಯಾಚೆಯ ಬಿಡಾರದಲ್ಲಿ ಒಬ್ಬಳು ಅವಳಿ ಹೊತ್ತಿದ್ದಾಳೆ, ಇವತ್ತೋ ನಾಳೆಯೋ. ಅವಳನ್ನು ಬಿಟ್ಟು ಬರುವಂತಿಲ್ಲ. ಸಹಿ, ಮೊಹರು ಹಾಕಿದ ನನ್ನ ಹೇಳಿಕೆ ಜಿಪಾರ್ ಹತ್ತಿರ ಇದೆ. ಲ್ಯಾಪ್‌ಟಾಪ್ ಸ್ವೆಟರಿನೊಳಗಿದೆ, ಪೂರ್ತಿ ಆರಿಸಿದ್ದೇನೆ.

ಚೀಟಿಯ ವಿಷಯ ಕೇಳಿದ್ದೆಯಲ್ಲ. ಜೂನ್‌ನಲ್ಲೇ ನಿನ್ನಣ್ಣ ಅದರಿಂದ ಸಮೋವರ್ ಹೊತ್ತಿಸಿದರು. ಚಹಾ ಚೆನ್ನಾಗಿತ್ತು.

ಹಾಗಾಗಿ ಹೀಗೆ ಮಾಡಿದ್ದೇನೆ. ಆರು ಹೆಸರುಗಳನ್ನು ಜಿಪಾರ್‌ಗೆ ಬಾಯಲ್ಲಿ ಹೇಳಿದ್ದೇನೆ. ಅವಳೂ ಅದೇ ಹಿರಿಯರ ಸೊಸೆ, ಕೇಳಿ ನಗುತ್ತಾ ಎರಡೇ ಸಲಕ್ಕೆ ಕಲಿತಳು. ಏಳನೆಯದನ್ನು ಅವಳಿಗೆ ಹೇಳಿಲ್ಲ. ಅದು ನಿನಗೆ ಗೊತ್ತಿದೆ.

ನಿಜ ಹೇಳಬೇಕೆಂದರೆ ಏಳನೆಯ ತಂದೆಗೆ ನಾನು ಹೆಸರೇ ಕಟ್ಟಿರಲಿಲ್ಲ. ಅಷ್ಟು ದೂರದವರನ್ನು ಯಾವತ್ತೂ ಕರೆಯುವ ಪ್ರಸಂಗ ಬರಲಿಲ್ಲ. ಆ ಜಾಗ ಖಾಲಿ ಉಳಿದಾಗ ಬೆರಳು ತಾನೇ ಇನ್ನೊಂದು ಹೆಸರು ಒತ್ತಿತು. ಹೊಸ ಸೊಸೆ ಗಂಡನ ಪುಟ್ಟ ತಂಗಿಗೂ ಒಂದು ಹೆಸರಿಡಬೇಕಲ್ಲ? ನಾನು ಈ ಮನೆಯ ಹೊಸ್ತಿಲು ದಾಟಿದ ದಿನ ಮೂಗು ಸುರಿಸಿಕೊಂಡು ನನ್ನ ಸೆರಗಿನೊಳಗೆ ಬಂದು ಕೂತವಳಿಗೆ ನಾನಿಟ್ಟ ಹೆಸರು. ಶಾಲೆಗೆ ಸೇರಿದ ಮೇಲೆ ನೀನೇ, "ಹಾಗೆ ಕರೀಬೇಡಿ, ಎಲ್ಲರೂ ನಗ್ತಾರೆ" ಅಂದೆ. ಬಿಟ್ಟೆ. ಬಾಯಲ್ಲಿ ಬಿಟ್ಟೆ, ಅಷ್ಟೇ.

ನೆನಪಿದೆಯಾ?

ಬುರುಲ್

*

ಕೊಚ್ಕೋರ್, ಸೆಪ್ಟೆಂಬರ್ 13, ಸಂಜೆ

ಅತ್ತಿಗೆ,

ಕಾಲಿಲ್ ಅಣ್ಣ ವ್ಯಾನ್ ಹತ್ತಿರ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ.

ಕೋರ್ಟಿನಲ್ಲಿ ಎಸೆನ್ ಮೊದಲು, "ನಾನು ಕೈ ಮುಟ್ಟಿಸಿಲ್ಲ, ಎಲ್ಲ ಸುಳ್ಳು" ಅಂದ. ನ್ಯಾಯಾಧೀಶೆ ಫೋಟೊ ತೋರಿಸಿ ಎಂದರು. ಜಿಪಾರ್ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಆರು ಹೆಸರು ಒತ್ತಿದಳು. ಆ ಹೊತ್ತಿನಲ್ಲೂ ಮೂರನೆಯದಕ್ಕೆ ಅವಳ ತುಟಿಯಂಚಿನಲ್ಲಿ ನಗು ಬಂತು, ಆ ತಾತನಿಗೆ ಏನೆಂದು ಹೆಸರಿಟ್ಟಿದ್ದೀರೋ! ಆಮೇಲೆ ನನ್ನ ಕಡೆ ತಳ್ಳಿದಳು. ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಕಣ್ಣು ಮುಚ್ಚಿದೆ. ನೀವು ಹೊಳೆಯ ಆ ದಡದಿಂದ ಊಟಕ್ಕೆ ಕೂಗಿದ್ದು ಕೇಳಿಸಿತು.

ತೆರೆಯಿತು.

ಒಂದೊಂದೇ ಬುಧವಾರ ಎಲ್ಲರ ಮುಂದೆ ಬಂತು. ಎಸೆನ್ ತಲೆ ಎತ್ತಲಿಲ್ಲ. ಜಿಪಾರ್‌ಗೆ ಬಿಡುಗಡೆ ಸಿಕ್ಕಿತು, ಅವನು ಅವಳ ಹತ್ತಿರ ಸುಳಿಯಬಾರದೆಂಬ ಆದೇಶವೂ ಸಿಕ್ಕಿತು. ಹೊರಗೆ ಬಂದು ಅವಳು ಎರಡು ತಟ್ಟೆ ಮಂಟಿ ತಿಂದಳು. ಈಗ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದಾಳೆ, ಅದಕ್ಕೇ ಅಕ್ಷರ ಸೊಟ್ಟ.

ತಿಲೆಕ್‌ನ ಅಪ್ಪನಿಗೆ ಒಂದು ಒಳ್ಳೆಯ ಹೆಸರು ಹುಡುಕಿಕೊಡಿ. ಪದ್ಧತಿಗಲ್ಲ, ಪಾಸ್‌ವರ್ಡಿಗೆ ಬೇಕು. ಸರಿ, ಸ್ವಲ್ಪ ಪದ್ಧತಿಗೂ ಹೌದು.

ಈ ಪತ್ರದ ಕೆಳಗೆ ಆ ಹೆಸರನ್ನೇ ಸಹಿ ಹಾಕಬೇಕೆಂದು ಕೈ ತುಡಿಯುತ್ತಿದೆ. ಕಾಗದದ ಮೇಲೆ ಬರೆಯಬಾರದು, ಬುದ್ಧಿ ಹೇಳುವ ನನ್ನ ಕಸುಬೇ ಬೇಡ ಅನ್ನುತ್ತಿದೆ. ಶನಿವಾರ ಜಿಪಾರ್‌ಳನ್ನೂ ಕರೆದುಕೊಂಡು ಮೇಲಕ್ಕೆ ಬರುತ್ತೇನೆ. ತೊರೆ ದಾಟುವಾಗ ಗುಡಾರದ ಬಾಗಿಲಲ್ಲಿ ನಿಂತು ನೀವೇ ಬಾಯಿ ತುಂಬ ಕೂಗಿ. ಯಾರು ನಕ್ಕರೂ ನಗಲಿ, ಓಡಿ ಬರುತ್ತೇನೆ. ಮರುದಿನ ಪಾಸ್‌ವರ್ಡ್ ಬದಲಾಯಿಸಿದರಾಯಿತು.